ಆಟಿಕೆ ಎತ್ತಿಡುವುದು ಸಣ್ಣ ಕೆಲಸವಲ್ಲ

ಮೂರು ವರ್ಷದ ಮಗುವಿಗೆ ‘ಆ ಗಾಜಿನ ಲೋಟ ಮುಟ್ಟಬೇಡ’ ಎಂದರೆ ಎಷ್ಟೋ ಸಲ ಚಾಚಿದ ಕೈ ಹಿಂದಕ್ಕೆ ಬರುತ್ತದೆ. ಅದೇ ಮಗುವಿಗೆ ‘ಆಟದ ಸಾಮಾನೆಲ್ಲ ಎತ್ತಿಡು’ ಎಂದು ನೋಡಿ. ಕೇಳಿಸಲೇ ಇಲ್ಲವೇನೋ ಎಂಬಂತೆ ಕೂತಿರುತ್ತದೆ. ಒಬ್ಬರು ಹಟ ಅನ್ನುತ್ತಾರೆ, ಇನ್ನೊಬ್ಬರು ಮುದ್ದು ಜಾಸ್ತಿಯಾಯಿತು ಅನ್ನುತ್ತಾರೆ. ಬೈಗುಳ ಶುರುವಾಗುವುದು ಅಲ್ಲಿಂದಲೇ. ಮಗುವಿನ ಪರವಾಗಿ ವಿಜ್ಞಾನ ಹೇಳುವ ಮಾತೊಂದಿದೆ, ಅದನ್ನು ಎಲ್ಲ ತಂದೆತಾಯಿಯರೂ ಕೇಳಬೇಕು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಗ್ರಾಜಿನಾ ಕೊಹಾನ್ಸ್ಕಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ಮಾತುಗಳನ್ನೇ ಪರೀಕ್ಷೆಗೆ ಒಡ್ಡಿದ್ದರು. ತಾಯಿ ಮತ್ತು ಮಗು ಒಂದು ಕೋಣೆಯಲ್ಲಿರುತ್ತಾರೆ. ಶೆಲ್ಫಿನ ಮೇಲೆ ಕಣ್ಸೆಳೆಯುವ ಆಟಿಕೆಗಳಿವೆ, ಅವನ್ನು ಮುಟ್ಟುವಂತಿಲ್ಲ. ನೆಲದ ಮೇಲೆ ಆಡಿ ಹರಡಿದ ಆಟಿಕೆಗಳಿವೆ, ಅವನ್ನು ಎತ್ತಿಡಬೇಕು. 14, 22, 33 ಮತ್ತು 45 ತಿಂಗಳ ವಯಸ್ಸಿನಲ್ಲಿ ಅದೇ ಮಕ್ಕಳನ್ನು ಮತ್ತೆ ಮತ್ತೆ ಗಮನಿಸಲಾಯಿತು. ನಾಲ್ಕೂ ವಯಸ್ಸಿನಲ್ಲಿ ಕಂಡದ್ದು ಒಂದೇ: ‘ಮುಟ್ಟಬೇಡ’ ಎಂಬುದಕ್ಕೆ ಮಕ್ಕಳು ಮನಸಾರೆ ಒಪ್ಪಿ ನಡೆದಷ್ಟು ‘ಎತ್ತಿಡು’ ಎಂಬುದಕ್ಕೆ ನಡೆಯಲಿಲ್ಲ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಮುಟ್ಟದೆ ಇರಲು ಒಂದು ಆಸೆಯನ್ನು ಅದುಮಿಕೊಂಡರೆ ಸಾಕು. ಎತ್ತಿಡಬೇಕಾದರೆ ಮೊದಲು ಖುಷಿಯ ಆಟವನ್ನು ಅರ್ಧಕ್ಕೆ ಬಿಡಬೇಕು. ಆಮೇಲೆ ಬೇಸರದ ಕೆಲಸ ಶುರುಮಾಡಬೇಕು, ಯಾವುದು ಎಲ್ಲಿಗೆ ಹೋಗಬೇಕೆಂದು ನೆನಪಿಡಬೇಕು, ಕೈಗೆ ಸಿಕ್ಕ ಕಾರನ್ನು ಓಡಿಸಿಬಿಡುವ ಚಪಲವನ್ನು ತಡೆಯಬೇಕು, ಮುಗಿಯುವವರೆಗೂ ಬಿಡದೆ ಮಾಡಬೇಕು. ಇಷ್ಟನ್ನೂ ಸಂಭಾಳಿಸುವುದು ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ‘ಎಲ್ಲ ಎತ್ತಿಡು’ ಎಂಬ ಎರಡೇ ಪದದಲ್ಲಿ ನಾವು ಮಗುವಿನ ತಲೆಯ ಮೇಲೆ ಹೊರಿಸುವ ಭಾರ ಸಣ್ಣದಲ್ಲ. ‘ಮೊದಲು ಕಾರುಗಳೆಲ್ಲ ಈ ಡಬ್ಬಿಗೆ’ ಎಂದರೆ ಅದರಲ್ಲಿ ಅರ್ಧ ಭಾರ ಇಳಿದಂತೆ.

ಹಾಗೆಂದು ಮಕ್ಕಳಿಗೆ ಕೆಲಸ ಬೇಡವೆಂದೇನಲ್ಲ. ನಾರ್ತ್ ಕೆರೊಲಿನಾದ ಹ್ಯಾರಿಯೆಟ್ ರೈನ್‌ಗೋಲ್ಡ್ 1982ರಲ್ಲಿ ಪ್ರಕಟಿಸಿದ ಸಂಶೋಧನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಮನೆಯಂತೆ ಸಜ್ಜುಗೊಳಿಸಿದ ಕೋಣೆಗಳಲ್ಲಿ ದೊಡ್ಡವರು ಕಸ ಗುಡಿಸುವುದು, ಬಟ್ಟೆ ಮಡಚುವುದು, ಚೆಲ್ಲಿದ್ದನ್ನು ಆಯುವುದು ಹೀಗೆ ನಿತ್ಯದ ಕೆಲಸಗಳನ್ನು ಮಾಡತೊಡಗಿದರು. ಮಗುವನ್ನು ಸಹಾಯಕ್ಕೆ ಕರೆಯಬಾರದೆಂದು ಅವರಿಗೆ ಮೊದಲೇ ಹೇಳಲಾಗಿತ್ತು. ಆದರೂ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ತಾವಾಗಿಯೇ ಬಂದು ಕೈಜೋಡಿಸಿದರು. ಮನೆಯಲ್ಲಿ ಏನು ನಡೆಯುತ್ತದೆಂದು ಕೇಳಿದಾಗ, ಮಗು ಅಡ್ಡ ಬರುತ್ತದೆಂದು ಅದು ಮಲಗಿದ್ದಾಗಲೇ ಕೆಲಸ ಮುಗಿಸಿಕೊಳ್ಳುವುದಾಗಿ ಹೇಳಿದ ತಂದೆತಾಯಿಯರೂ ಇದ್ದರು.

ಇದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಪೊರಕೆ ಹಿಡಿದು ಬಂದ ಕೂಸಿಗೆ ‘ನೀನು ಹೋಗಿ ಆಡಿಕೋ ಕಂದ’ ಎಂದು ಕಳಿಸುತ್ತೇವೆ. ಎರಡು ವರ್ಷ ಕಳೆದ ಮೇಲೆ, ‘ಒಂದು ಕೆಲಸಕ್ಕೂ ಬರಲ್ಲ’ ಎಂದು ಅದೇ ಮಗುವನ್ನು ಗದರುತ್ತೇವೆ. ಕೆಲಸ ನಿಧಾನವಾದರೂ ಚಿಂತೆಯಿಲ್ಲ, ಆ ಪೊರಕೆಯನ್ನು ಕಸಿದುಕೊಳ್ಳಬೇಡಿ. ಆಟಿಕೆಯ ವಿಷಯದಲ್ಲೂ ಅಷ್ಟೇ: ಸೋಫಾದಲ್ಲಿ ಕೂತು ಆಜ್ಞೆ ಮಾಡುವ ಬದಲು ಕೆಳಗೆ ಕೂತು ‘ಬಾ, ಇಬ್ಬರೂ ಎತ್ತಿಡೋಣ’ ಎಂದರೆ ಮಗುವಿನೊಳಗೆ ಆಗಲೇ ಇರುವ ಉಮೇದಿಗೆ ದಾರಿಯಾಗುತ್ತದೆ.

‘ಎತ್ತಿಟ್ಟರೆ ಚಾಕಲೇಟು’ ಎಂಬ ಆಮಿಷ ಆ ಹೊತ್ತಿಗೆ ಕೆಲಸ ಮಾಡೀತು. ಆದರೆ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಹಾಯ ಮಾಡಿದ್ದಕ್ಕೆ ವಸ್ತುರೂಪದ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ಸಹಾಯಕ್ಕೆ ಬಂದದ್ದು ಕಡಿಮೆ. ಬರೀ ಮೆಚ್ಚುಗೆ ಪಡೆದವರು, ಏನೂ ಪಡೆಯದವರು ಅವರಿಗಿಂತ ಮುಂದಿದ್ದರು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮೆಚ್ಚುಗೆ ಇನ್ನೊಂದು ಬಗೆಯಲ್ಲೂ ನಾಟುತ್ತದೆ. 1975ರಲ್ಲಿ ರಿಚರ್ಡ್ ಮಿಲ್ಲರ್ ಮತ್ತು ಜೊತೆಗಾರರು ಐದನೆಯ ತರಗತಿಯ ಒಂದು ಗುಂಪಿಗೆ ‘ನೀವು ಅಚ್ಚುಕಟ್ಟಾದ ಮಕ್ಕಳು’ ಎಂದು ಹೇಳುತ್ತ ಬಂದರು, ಇನ್ನೊಂದಕ್ಕೆ ‘ಅಚ್ಚುಕಟ್ಟಾಗಿರಬೇಕು’ ಎಂದು ಬೋಧಿಸಿದರು. ಕಸ ಬುಟ್ಟಿಗೆ ಹಾಕುವುದರಲ್ಲಿ ಮೊದಲ ಗುಂಪೇ ಗೆದ್ದಿತು. ದಿನವೂ ‘ಕೊಳಕ’, ‘ಸೋಮಾರಿ’ ಎಂದು ಕೇಳಿಸಿಕೊಳ್ಳುವ ಮಗು ತನ್ನ ಬಗ್ಗೆ ಏನನ್ನು ನಂಬುತ್ತದೆ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇನ್ನು, ಎತ್ತಿಡಬೇಕಾದ ಸಾಮಾನಾದರೂ ಎಷ್ಟು? ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟಾಣಿಗಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಹುಟ್ಟುಹಬ್ಬಕ್ಕೆ ಬಂದದ್ದು, ಜಾತ್ರೆಯಲ್ಲಿ ಕೊಂಡದ್ದು, ಚನ್ನಪಟ್ಟಣದ ಮರದ ಗಾಡಿ ಎಲ್ಲವೂ ಒಂದೇ ದಿನ ನೆಲಕ್ಕಿಳಿಯಬೇಕಿಲ್ಲ. ಕೆಲವನ್ನು ಮಗುವಿನ ಕೈಗೆಟಕುವ ಬುಟ್ಟಿಯಲ್ಲಿಟ್ಟು ಉಳಿದದ್ದನ್ನು ಅಟ್ಟಕ್ಕೇರಿಸಿ. ಸ್ವಲ್ಪ ದಿನ ಬಿಟ್ಟು ಅದಲುಬದಲು ಮಾಡಿ. ಕೆಳಗಿಳಿದ ಹಳೆಯ ಗಾಡಿಗೆ ಮಗು ಹೊಸದೇ ಒಂದು ರಸ್ತೆ ಹುಡುಕಿಕೊಳ್ಳುತ್ತದೆ, ಸಂಜೆ ಎತ್ತಿಡಲು ಇರುವುದೂ ಒಂದೇ ಬುಟ್ಟಿಯಷ್ಟು.