ಹೊಣೆ ಹೊತ್ತರೆ ನಾಯಕತ್ವ

ವಿದ್ಯಾರ್ಥಿವೇತನದ ಸಂದರ್ಶನಗಳಲ್ಲಿ ನಾವು ಪ್ರತಿವರ್ಷ ಕಾಣುವುದೊಂದಿದೆ. ಒಳ್ಳೆಯ ಅಂಕ ಪಡೆದ ಮಕ್ಕಳೂ ಪ್ರಶ್ನೆ ಕೇಳಿದೊಡನೆ ತಂದೆಯ ಮುಖ ನೋಡುತ್ತಾರೆ. ಓದಿನಲ್ಲಿ ಕೊರತೆಯಿಲ್ಲ, ತಾವೇ ಮುಂದೆ ನಿಂತು ಒಂದು ಕೆಲಸ ನಿಭಾಯಿಸಿದ ಅಭ್ಯಾಸವಿಲ್ಲ.

ನಾಯಕತ್ವ ಭಾಷಣ ಕೇಳಿ ಬರುವುದಿಲ್ಲ, ಹೊಣೆ ಹೊತ್ತು ಬರುತ್ತದೆ. ಇದಕ್ಕೆ ಕಾಲೇಜುಗಳಲ್ಲೇ ಒಂದು ದಾರಿಯಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್. ಇದರಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸುತ್ತಾರೆ. 7 ದಿನಗಳ ವಿಶೇಷ ಶಿಬಿರವೂ ಇರುತ್ತದೆ. ಶಿಬಿರದಲ್ಲಿ ಅಡುಗೆ, ಶ್ರಮದಾನ, ಸ್ವಚ್ಛತೆಯ ಕೆಲಸಗಳನ್ನು ಮಕ್ಕಳು ಹಂಚಿಕೊಂಡು ಮಾಡುತ್ತಾರೆ. ಎಲ್ಲ ಜಾತಿ ಧರ್ಮದವರೊಡನೆ ಕೂತು ಉಣ್ಣುತ್ತಾ, ಭಿನ್ನಾಭಿಪ್ರಾಯವನ್ನು ಮಾತಿನಲ್ಲೇ ಬಗೆಹರಿಸಲು ಕಲಿಯುತ್ತಾರೆ.

ಓದಿಗೆ ತೊಂದರೆಯಾದೀತೆಂಬ ಪೋಷಕರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ವರ್ಷಕ್ಕೆ 120 ಗಂಟೆಯೆಂದರೆ ವಾರಕ್ಕೆ ಎರಡೂವರೆ ಗಂಟೆಯೂ ಆಗದು. ಹೆಣ್ಣುಮಕ್ಕಳ ಬಗ್ಗೆ ಅಳುಕಿದ್ದರೆ ಕಾಲೇಜಿನ ಕಾರ್ಯಕ್ರಮಾಧಿಕಾರಿಯನ್ನು ಕಂಡು, ವಸತಿಯ ವ್ಯವಸ್ಥೆ ವಿಚಾರಿಸಿ ಕಳುಹಿಸಿ, ವಿಚಾರಿಸದೆ ತಡೆಯಬೇಡಿ.

ನಮ್ಮ ಮೊಹಲ್ಲಾಗಳಲ್ಲೂ ಅವಕಾಶವಿದೆ. ರಮಝಾನಿನ ಇಫ್ತಾರ್ ಖರ್ಚೋ, ರಕ್ತದಾನ ಶಿಬಿರದ ನೋಂದಣಿಯೋ, ಒಂದು ಕೆಲಸವನ್ನು ಯುವಕ ಯುವತಿಯರಿಗೆ ಪೂರ್ತಿ ಒಪ್ಪಿಸಿ. ಕೊನೆಗೆ ಲೆಕ್ಕವನ್ನೂ ಅವರಿಂದಲೇ ಓದಿಸಿ. ತಪ್ಪಿದರೆ ತಿದ್ದಿ, ಕೆಲಸ ಕಸಿದುಕೊಳ್ಳಬೇಡಿ.

ದಾನಿಗಳ ಹಣ ಮಕ್ಕಳ ಶುಲ್ಕ ಕಟ್ಟುತ್ತದೆ. ನಾಳೆ ಈ ಟ್ರಸ್ಟನ್ನೇ ನಡೆಸಬಲ್ಲವರನ್ನು ಬೆಳೆಸುವ ಕೆಲಸ ಮಾತ್ರ ನಮ್ಮೆಲ್ಲರದು. ಇನ್‌ಶಾ ಅಲ್ಲಾಹ್, ಅದು ಈ ವರ್ಷವೇ ನಮ್ಮ ಮನೆಗಳಿಂದ ಶುರುವಾಗಲಿ.