ಗುಳಿಗೆಗೆ ಮುನ್ನ ಪರೀಕ್ಷೆ

ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ತೋಟಗಳಲ್ಲಿ ಕೊಳೆರೋಗ ತಲೆದೋರುವ ಮೊದಲೇ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ನಾವೆಲ್ಲ ಬಲ್ಲೆವು. ಎಚ್.ಐ.ವಿ. ಸೋಂಕನ್ನು ತಡೆಯಲೂ ಅಂಥ ಮುಂಜಾಗ್ರತೆಯ ಔಷಧವುಂಟು: ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಕೂಡಿದ ಗುಳಿಗೆ. ಸೋಂಕಿನ ಅಪಾಯ ಹೆಚ್ಚಾಗಿರುವವರಿಗೆ ಟೆನೊಫೊವಿರ್ ಉಳ್ಳ ಗುಳಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಶಿಫಾರಸು ಮಾಡಿತು. ಆದರೆ ಅದನ್ನು ಆರಂಭಿಸುವ ಮುನ್ನ ರಕ್ತಪರೀಕ್ಷೆ ಏತಕ್ಕೆ?

ಮೊದಲನೆಯದು ಎಚ್.ಐ.ವಿ. ಪರೀಕ್ಷೆ. ಸೋಂಕು ಆಗಲೇ ತಗುಲಿದ್ದರೆ ಈ ಎರಡು ಔಷಧಗಳಷ್ಟೇ ಸಾಲವು. ಅವನ್ನು ಎದುರಿಸಬಲ್ಲ ವೈರಸ್ಸುಗಳು ಉಳಿದು, ವೃದ್ಧಿಹೊಂದಿ, ಮುಂದಿನ ಚಿಕಿತ್ಸೆಯನ್ನು ಕಠಿನಗೊಳಿಸುತ್ತವೆ. ಎರಡನೆಯದು ಕ್ರಿಯಾಟಿನಿನ್ ಪರೀಕ್ಷೆ. ಟೆನೊಫೊವಿರ್ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಅವು ರಕ್ತವನ್ನು ಚೆನ್ನಾಗಿ ಸೋಸುತ್ತಿವೆಯೇ ಎಂಬುದನ್ನು ತಿಳಿಯಬೇಕು. ಮೂರನೆಯದು ಹೆಪಟೈಟಿಸ್-ಬಿ ಪರೀಕ್ಷೆ. ಈ ಗುಳಿಗೆಯು ಆ ವೈರಸ್ಸನ್ನೂ ಅಡಗಿಸುತ್ತದೆ. ಹಠಾತ್ತಾಗಿ ನಿಲ್ಲಿಸಿದರೆ ಅದು ಮತ್ತೆ ಕೆರಳಿ ಯಕೃತ್ತಿಗೆ ಹಾನಿಯಾಗಬಹುದು.

ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯು ಅದನ್ನು ತೋರಿಸದಿರಬಹುದು. ಆದುದರಿಂದ ಇತ್ತೀಚಿನ ಸಂಪರ್ಕವನ್ನೂ ಜ್ವರವನ್ನೂ ವೈದ್ಯರಲ್ಲಿ ಮರೆಮಾಚಬಾರದು. ಗುಳಿಗೆ ಸೇವಿಸುವಾಗಲೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಅಗತ್ಯ.

ಎಲ್ಲರೂ ಎಲ್ಲರನ್ನು ಬಲ್ಲ ಊರುಗಳಲ್ಲಿ ಸಂಕೋಚ ಸಹಜವೇ. ಆದರೆ 2017ರ ಎಚ್.ಐ.ವಿ. ಕಾಯಿದೆಯು ಪರೀಕ್ಷೆಗೆ ಒಪ್ಪಿಗೆಯನ್ನೂ ಫಲಿತಾಂಶಕ್ಕೆ ಗೋಪ್ಯತೆಯನ್ನೂ ವಿಧಿಸಿದೆ. ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, 1097ಕ್ಕೆ ದೂರವಾಣಿ ಮಾಡಿಯೂ ಸಲಹೆ ಪಡೆಯಬಹುದು.