ಪದಕದ ಅಂಚಿನಲ್ಲಿದ್ದ ಹೆಸರು

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವಾಗ ನಮ್ಮಜ್ಜಿ ಒಂದು ಎಲೆಯನ್ನು ಹೆಚ್ಚಿಗೆ ಹಾಕುತ್ತಿದ್ದರು. "ಇದು ಯಾರಿಗಜ್ಜಿ?" ಎಂದರೆ, "ದಂಡಿಗೆ ಹೋದ ದೊಡ್ಡ ಮಾವನವರಿಗೆ" ಎನ್ನುತ್ತಿದ್ದರು. ಹೆಸರು ಕೇಳಿದರೆ ಗದರುತ್ತಿದ್ದರು: "ಸೊಸೆಯಾದವಳು ಮಾವನ ಹೆಸರು ಹೇಳ್ತಾಳೇನೋ?" ಅವರಿಗೆ ಮದುವೆಯಾಗಿರಲಿಲ್ಲ, ಹೆಸರು ಹೇಳಲು ಮಕ್ಕಳೂ ಇರಲಿಲ್ಲ. ಹೀಗೆ ಎಲೆ ಉಳಿಯಿತು, ಹೆಸರು ಅಳಿಯಿತು.

ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಬೆಳ್ಳಿ ಬಿಲ್ಲೆ ಸಿಕ್ಕಿತು. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಕುದುರೆ ಸವಾರ, ಜೊತೆಗೆ 1914, 1918 ಎಂಬ ಇಸವಿಗಳು. ಹಳೆಯ ನಾಣ್ಯವಿರಬೇಕೆಂದು ನಾವು ಬದಿಗಿಟ್ಟೆವು. ಭೂತಗನ್ನಡಿ ಹಿಡಿದು ನೋಡಿದವಳು ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳು. ದಪ್ಪ ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳು! ಒಂದು ಸಂಖ್ಯೆ, ದರ್ಜೆ, ಹೆಸರು, ಕೊನೆಯಲ್ಲಿ ಮೈಸೂರು ಲ್ಯಾನ್ಸರ್ಸ್.

ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಪ್ರಾಣ ತೆತ್ತರು. ಮೈಸೂರು ಮಹಾರಾಜರ ಅಶ್ವದಳವಾದ ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ, ಮೆಷಿನ್ ಗನ್ನುಗಳಿದ್ದ ಹೈಫಾ ನಗರವನ್ನು ಈಟಿ, ಕತ್ತಿ ಹಿಡಿದು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರ ಪೈಕಿ ಒಬ್ಬ ನಮ್ಮ ಮೈಸೂರಿನವನ ಪ್ರತೀಕ; ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು.

ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಮಡಿದು ಸಮಾಧಿಯೂ ಗೊತ್ತಿಲ್ಲದ ಸುಮಾರು ನಾಲ್ಕು ಸಾವಿರ ಭಾರತೀಯರ ಸ್ಮಾರಕವನ್ನು 1926ರಲ್ಲಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ ಅನಾವರಣ ಮಾಡಲಾಯಿತು. ಮುಂದೆ ಅರಬ್–ಇಸ್ರೇಲ್ ಕದನಗಳಲ್ಲಿ ಆ ಸ್ಮಾರಕವೇ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸ ಸ್ಮಾರಕ ಎದ್ದಿತು. ಹೆಸರುಗಳನ್ನು ಮತ್ತೊಮ್ಮೆ ಕೆತ್ತಲಾಯಿತು. ಕಲ್ಲೂ ಶಾಶ್ವತವಲ್ಲ, ಯಾರಾದರೂ ಮತ್ತೆ ಬರೆಯಬೇಕು.

ನಿಮ್ಮ ಮನೆಯಲ್ಲೂ ಇಂಥ ಬಿಲ್ಲೆ ಇರಬಹುದು. ಬೆಳ್ಳಿಯ ಆಸೆಗೆ ಅಕ್ಕಸಾಲಿಗರ ಮೂಸೆ ಸೇರಿದ ಪದಕಗಳೂ ಉಂಟು. ಹೊಳಪಿಗಾಗಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಅಂಚಿನಲ್ಲಿರುವುದನ್ನು ಸಂಖ್ಯೆಯ ಸಮೇತ ಬರೆದುಕೊಳ್ಳಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಸತ್ತ ದಿನ, ಸ್ಮಾರಕದ ಹೆಸರು, ಕೆಲವೊಮ್ಮೆ ತಂದೆಯ ಹೆಸರು ಹಾಗೂ ಊರು ಅಲ್ಲಿರುತ್ತವೆ. ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕೇಳಿದಂತೆ ಬರೆದಿದ್ದಾರೆ. ಆದ್ದರಿಂದ ಬೇರೆ ಬೇರೆ ಕಾಗುಣಿತಗಳಲ್ಲಿ ಹುಡುಕಿ ನೋಡಿ.

ಇದಕ್ಕಿಂತ ಮೊದಲು ಮಾಡಬೇಕಾದ್ದು ಒಂದಿದೆ. ಮನೆಯ ಹಿರಿಯರ ಪಕ್ಕ ಕುಳಿತು, ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪದಕ ಟ್ರಂಕಿನಲ್ಲಿ ಕಾದಿರುತ್ತದೆ, ಅಜ್ಜಿ ಕಾಯುವುದಿಲ್ಲ. ನಾನು ಸಮಯವಿದ್ದಾಗ ಕೇಳಲಿಲ್ಲ. ಅವರು ಹೇಗಿದ್ದರು, ಯಾಕೆ ದಂಡಿಗೆ ಸೇರಿದರು ಎಂಬುದನ್ನು ಯಾವ ದಾಖಲೆಯೂ ನನಗೆ ಹೇಳುವುದಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಗೂ ಒಂದು ಎಲೆ ಹೆಚ್ಚಿಗೆ ಹಾಕಿದೆವು. ಎಡೆಯ ಮುಂದೆ ನಿಂತು ಮಗಳು ಅವರ ಹೆಸರನ್ನು ಗಟ್ಟಿಯಾಗಿ ಹೇಳಿದಳು. ನಮ್ಮ ಮನೆಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.